ಸರ್ಕಾರಿ ಹುಲ್ಲುಗಾವಲಿನಲ್ಲಿ ರೇಂಜ್ ಟೆಕ್ನಿಷಿಯನ್ ಕೆಲಸ: ದಿನಾ ಏನಿರುತ್ತದೆ, ಯಾರಿಗೆ ಸಿಗುತ್ತದೆ?

ಹಿರಿಯೂರಿನವಳು:

ಎಲ್ಲರಿಗೂ ನಮಸ್ಕಾರ. ಊರಲ್ಲಿ ಬಿಎಸ್ಸಿ ಫಾರೆಸ್ಟ್ರಿ ಮುಗಿಸಿ ಈಗ ಅಮೆರಿಕದ ಪಶ್ಚಿಮ ಭಾಗದ ಒಂದು ಯೂನಿವರ್ಸಿಟಿಯಲ್ಲಿ ಹುಲ್ಲುಗಾವಲು ನಿರ್ವಹಣೆಯಲ್ಲಿ ಎಂಎಸ್ ಮಾಡುತ್ತಿದ್ದೇನೆ. ಸ್ಟೂಡೆಂಟ್ ವೀಸಾ. ನಮ್ಮ ಮನೆಯಲ್ಲಿ ತಾತನ ಕಾಲದಿಂದಲೂ ಕುರಿ ಇವೆ. ಮೇವು, ಬರ, ಮಳೆ ತಪ್ಪಿದರೆ ಏನಾಗುತ್ತದೆ ಅನ್ನೋದೆಲ್ಲ ನೋಡಿಕೊಂಡೇ ಬೆಳೆದವಳು.

ಇಲ್ಲಿ ನನ್ನ ಜೊತೆ ಓದುವವರೆಲ್ಲ ಬೇಸಿಗೆ ಬಂತು ಅಂದರೆ ಬಿಎಲ್‌ಎಂ, ಫಾರೆಸ್ಟ್ ಸರ್ವಿಸ್ ಥರದ ಕೇಂದ್ರ ಸರ್ಕಾರದ ಇಲಾಖೆಗಳಲ್ಲಿ ರೇಂಜ್ ಟೆಕ್ನಿಷಿಯನ್ ಕೆಲಸಕ್ಕೆ ಹೊರಡುತ್ತಾರೆ. ಕೇಳಿದರೆ "ಫೀಲ್ಡ್ ವರ್ಕ್" ಅಂತಷ್ಟೇ ಹೇಳುತ್ತಾರೆ. ನಿಜವಾಗಿ ಬೆಳಿಗ್ಗೆಯಿಂದ ಸಂಜೆವರೆಗೆ ಏನು ಕೆಲಸ? ನನ್ನಂಥವರಿಗೆ ಸಿಗುತ್ತದಾ? ಹೆಣ್ಣುಮಕ್ಕಳು ಒಬ್ಬರೇ ಅಷ್ಟು ದೂರ ಹೋಗಬೇಕಾಗುತ್ತದಾ? ಕೊನೆಯದಾಗಿ, ಇದನ್ನು ಕಲಿತು ಊರಿಗೆ ಬಂದರೆ ಉಪಯೋಗ ಇದೆಯಾ? ಅನುಭವ ಇರುವವರು ದಯವಿಟ್ಟು ಬರೆಯಿರಿ.

ತಿಪಟೂರು_ಟು_ಎಲ್ಕೊ:

ನಮಸ್ಕಾರ ತಂಗಿ. ನಾನು ಉತ್ತರ ನೆವಾಡಾದಲ್ಲಿ ಇದೇ ಕೆಲಸದಲ್ಲಿದ್ದೇನೆ. ಮೊದಲು ಸೀಸನಲ್, ಈಗ ಪರ್ಮನೆಂಟ್. ಉದ್ದ ಆಗುತ್ತದೆ, ಓದಿ.

ಮೊದಲು ನೆಲದ ವಿಷಯ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಅಂದರೆ ಬಿಎಲ್‌ಎಂ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ ಇದೆ. ಅದರಲ್ಲಿ ಸುಮಾರು 15.5 ಕೋಟಿ ಎಕರೆಯಲ್ಲಿ ದನ ಕುರಿ ಮೇಯಿಸಬಹುದು. ನೆವಾಡಾದಲ್ಲಂತೂ ರಾಜ್ಯದ ಸುಮಾರು 80% ನೆಲ ಕೇಂದ್ರ ಸರ್ಕಾರದ್ದೇ. ಈ ಬಯಲನ್ನೆಲ್ಲ ಅಲಾಟ್‌ಮೆಂಟ್‌ಗಳಾಗಿ ಹಂಚಿದ್ದಾರೆ. ಒಂದೊಂದಕ್ಕೂ ಒಬ್ಬರಿಗೋ ಹಲವರಿಗೋ ಪರ್ಮಿಟ್ ಇರುತ್ತದೆ, ಸಾಮಾನ್ಯವಾಗಿ 10 ವರ್ಷಕ್ಕೆ. ಎಷ್ಟು ದನ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ಪಾಡಕ್‌ನಲ್ಲಿ (ಬೇಲಿ ಹಾಕಿದ ಭಾಗದಲ್ಲಿ), ಎಲ್ಲ ಅದರಲ್ಲಿ ಬರೆದಿರುತ್ತದೆ. ಇಲ್ಲಿ ಒಂದು ಅಲಾಟ್‌ಮೆಂಟ್ ಲಕ್ಷ ಎಕರೆ ದಾಟಿದರೂ ಯಾರೂ ಆಶ್ಚರ್ಯ ಪಡುವುದಿಲ್ಲ.

1934ಕ್ಕೆ ಮೊದಲು ಹೀಗಿರಲಿಲ್ಲ. ಯಾರು ಮೊದಲು ದನ ಬಿಟ್ಟರೋ ಅವರಿಗೆ ಮೇವು. ಇವರು ಮೇಯಿಸದಿದ್ದರೆ ಇನ್ನೊಬ್ಬರು ಮೇಯಿಸುತ್ತಾರೆ ಅಂತ ಹುಲ್ಲು ಮೊಳಕೆ ಒಡೆಯುವ ಮೊದಲೇ ಮಂದೆ ನುಗ್ಗುತ್ತಿದ್ದವು. ನೆಲ ಬೋಳಾಯಿತು, ಮಣ್ಣು ಕೊಚ್ಚಿಹೋಯಿತು. ಆಗ ಟೇಲರ್ ಗ್ರೇಜಿಂಗ್ ಆಕ್ಟ್ ಬಂತು. ನಮ್ಮ ಕೆಲಸ ಹುಟ್ಟಿದ್ದೇ ಅಲ್ಲಿಂದ. ಮೇಯಿಸಲು ಬಿಟ್ಟ ಮೇಲೆ ಹುಲ್ಲು ಉಳಿದಿದೆಯಾ ಅಂತ ಯಾರಾದರೂ ಹೋಗಿ ನೋಡಬೇಕಲ್ವಾ, ಆ ಯಾರಾದರೂ ನಾವೇ.

ಇನ್ನು ದಿನಚರಿ. ಬೇಸಿಗೆಯಲ್ಲಿ ಬೆಳಿಗ್ಗೆ 6ಕ್ಕೆಲ್ಲ ಆಫೀಸಿನಿಂದ ಹೊರಡುತ್ತೇವೆ. ದಿನಕ್ಕೆ 10 ಗಂಟೆ, ವಾರಕ್ಕೆ 4 ದಿನ. ಗಾಡಿಯಲ್ಲಿ ಎರಡು ಸ್ಟೆಪ್ನಿ, ನೀರಿನ ಕ್ಯಾನು, ರೇಡಿಯೊ, ಸ್ಯಾಟಲೈಟ್ ಮೆಸೇಜ್ ಕಳಿಸುವ ಸಾಧನ. ಫೋನ್ ಸಿಗ್ನಲ್ ಸಿಗುತ್ತದೆ ಅಂತ ನಂಬಬೇಡಿ. ಕಲ್ಲು ದಾರಿಯಲ್ಲಿ ಎರಡು ಮೂರು ಗಂಟೆ ಹೋಗಿ, ಆಮೇಲೆ ನಡೆದು, ಕಂಪ್ಯೂಟರ್ ಆರಿಸಿಕೊಟ್ಟ ಒಂದು ಜಾಗಕ್ಕೆ ತಲುಪಬೇಕು. ಅಲ್ಲಿ 30 ಮೀಟರ್ ತ್ರಿಜ್ಯದ ಒಂದು ವೃತ್ತ ನಮ್ಮ ಪ್ಲಾಟ್. ಮೂರು ದಿಕ್ಕಿಗೆ 25 ಮೀಟರಿನ ಟೇಪು ಎಳೆಯುತ್ತೇವೆ. ಅರ್ಧ ಮೀಟರಿಗೊಂದು ಸಲ ತೆಳ್ಳಗಿನ ಕಂಬಿಯನ್ನು ಮೇಲಿಂದ ಕೆಳಕ್ಕೆ ಇಳಿಸಿ, ಅದು ಯಾವ ಗಿಡದ ಎಲೆ ಮುಟ್ಟಿತು, ಅದರ ಕೆಳಗೆ ಯಾವುದು, ಕೊನೆಗೆ ನೆಲದಲ್ಲಿ ಮಣ್ಣಾ, ಕಲ್ಲಾ, ಒಣಗಿ ಬಿದ್ದ ಕಸವಾ ಅಂತ ಬರೆಯುತ್ತೇವೆ. ಒಟ್ಟು 150 ಸಲ. ಆಮೇಲೆ ಗಿಡ ಗಿಡಗಳ ನಡುವೆ ಎಷ್ಟು ಅಂತರ ಬರಿದಾಗಿದೆ ಅಂತ ಅಳೆಯಬೇಕು, 20 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ ಲೆಕ್ಕಕ್ಕೆ. ಗಾಳಿ ಮಣ್ಣನ್ನು ಹೊತ್ತೊಯ್ಯುವುದು ಆ ಬರಿದು ಜಾಗದಿಂದಲೇ.

ಆಮೇಲೆ ಮಣ್ಣಿನ ಪರೀಕ್ಷೆ. ಬಟಾಣಿಗಿಂತ ಚಿಕ್ಕ ಹೆಂಟೆಗಳನ್ನು ಮೇಲ್ಪದರದಿಂದ ಎಬ್ಬಿಸಿ, ಸಣ್ಣ ಜರಡಿಯಲ್ಲಿಟ್ಟು ನೀರಿಗೆ ಇಳಿಸುತ್ತೇವೆ. ತಕ್ಷಣ ಕರಗಿದರೆ 1. ಐದು ನಿಮಿಷ ತಡೆದುಕೊಂಡು, ಮತ್ತೆ ಐದು ಸಲ ಅದ್ದಿ ಎತ್ತಿದರೂ ಗಟ್ಟಿಯಾಗಿದ್ದರೆ 6. ಒಂದು ಪ್ಲಾಟಿಗೆ 18 ಹೆಂಟೆ. ನನಗೆ ತುಂಬ ಇಷ್ಟವಾದ ಕೆಲಸ ಇದು. ಬೇರು, ಶಿಲೀಂಧ್ರ, ಪಾಚಿ ಎಲ್ಲ ಸೇರಿ ಮಣ್ಣನ್ನು ಹಿಡಿದಿಟ್ಟಿವೆಯಾ ಇಲ್ಲವಾ ಅಂತ ಕಣ್ಣೆದುರೇ ಗೊತ್ತಾಗುತ್ತದೆ. ಒಂದು ಗುಂಡಿ ತೋಡಿ ಮಣ್ಣಿನ ಪದರಗಳನ್ನೂ ಬರೆದುಕೊಳ್ಳಬೇಕು. ಹೀಗೆ ಒಂದು ಪ್ಲಾಟಿಗೆ ಇಬ್ಬರು ಮೂವರು ಸೇರಿದರೂ ಅರ್ಧ ದಿನ ಬೇಕು, ಗಿಡ ಜಾಸ್ತಿ ಇದ್ದರೆ ಇನ್ನೂ ಹೆಚ್ಚು.

ಇಷ್ಟು ಒಂದು ಭಾಗ. ಇನ್ನೊಂದು ಭಾಗ ಬೇಲಿ, ನೀರು, ದನ ಎಣಿಕೆ. ಅದನ್ನು ಊಟ ಮುಗಿಸಿ ಬರೆಯುತ್ತೇನೆ.

ಹಿರಿಯೂರಿನವಳು:

ತುಂಬ ಥ್ಯಾಂಕ್ಸ್ ಅಣ್ಣಾ. ಗಿಡ ಗುರುತಿಸುವುದೇ ನನಗೆ ಭಯ. ಹೂ ಇಲ್ಲದ ಹುಲ್ಲನ್ನು ಹೇಗೆ ಹೇಳುವುದು? ಕ್ಲಾಸಿನಲ್ಲಿ ಒಣಗಿಸಿ ಅಂಟಿಸಿದ ಮಾದರಿ ನೋಡಿದರೆ ಗೊತ್ತಾಗುತ್ತದೆ, ಬಯಲಲ್ಲಿ ದನ ಕಚ್ಚಿ ಬಿಟ್ಟ ಬುಡ ನೋಡಿದರೆ ಗೊತ್ತಾಗುವುದಿಲ್ಲ.

ತಿಪಟೂರು_ಟು_ಎಲ್ಕೊ:

ಎಲ್ಲರಿಗೂ ಮೊದಲ ತಿಂಗಳು ಹಾಗೇ. ಬುಡ ನೋಡುವುದನ್ನೇ ಕಲಿಯಿರಿ. ಎಲೆ ಕಾಂಡ ಸೇರುವ ಜಾಗದಲ್ಲಿ ಒಂದು ಸಣ್ಣ ಪೊರೆ ಇರುತ್ತದೆ, ಅದರ ಆಕಾರ, ಪಕ್ಕದಲ್ಲಿ ಕಿವಿಯಂಥ ಚಾಚು ಇದೆಯಾ, ಎಲೆ ಸುರುಳಿಯಾ ಮಡಿಕೆಯಾ, ರೋಮ ಇದೆಯಾ, ಇಷ್ಟು ನೋಡಿದರೆ ಮುಕ್ಕಾಲು ಪಾಲು ಹುಲ್ಲು ಸಿಗುತ್ತದೆ. ನಮ್ಮ ಕಡೆ ಮುಖ್ಯವಾದವು ಕೆಲವೇ: ಬ್ಲೂಬಂಚ್ ವೀಟ್‌ಗ್ರಾಸ್, ಸ್ಯಾಂಡ್‌ಬರ್ಗ್ ಬ್ಲೂಗ್ರಾಸ್, ಸ್ಕ್ವಿರಲ್‌ಟೇಲ್, ಇಂಡಿಯನ್ ರೈಸ್‌ಗ್ರಾಸ್, ಎತ್ತರದಲ್ಲಿ ಐಡಾಹೊ ಫೆಸ್ಕ್ಯೂ. ಗೊತ್ತಾಗದಿದ್ದರೆ ಊಹಿಸಿ ಬರೆಯಬೇಡಿ. ಅದಕ್ಕೊಂದು ಗುರುತಿನ ಸಂಖ್ಯೆ ಕೊಟ್ಟು, ಪ್ಲಾಟಿನ ಹೊರಗಿಂದ ಒಂದು ಗಿಡ ಕಿತ್ತು, ಕಾಗದದಲ್ಲಿ ಒತ್ತಿ ಆಫೀಸಿಗೆ ತನ್ನಿ.

ಸೇಜ್‌ಬ್ರಶ್ ಅನ್ನುವ ಪೊದೆಯಲ್ಲಿ ಒಂದು ಚೆಂದದ ಪರೀಕ್ಷೆ ಇದೆ. ಅದರ ಉಪಜಾತಿಗಳು ನೋಡಲು ಹೆಚ್ಚು ಕಡಿಮೆ ಒಂದೇ, ಆದರೆ ಬೆಳೆಯುವ ಮಣ್ಣು, ಎತ್ತರ ಬೇರೆ. ಎಲೆಯನ್ನು ನೀರಿನಲ್ಲಿ ನೆನೆಸಿ ಅಲ್ಟ್ರಾವಯಲೆಟ್ ಟಾರ್ಚ್ ಹಿಡಿದರೆ ಬೆಟ್ಟದ ಸೇಜ್‌ಬ್ರಶ್ ನೀಲಿಯಾಗಿ ಹೊಳೆಯುತ್ತದೆ. ವಯೋಮಿಂಗ್ ಉಪಜಾತಿ ಹಾಗೆ ಹೊಳೆಯುವುದಿಲ್ಲ.

ಈಗ ಉಳಿದ ಕೆಲಸ. ವಸಂತದಲ್ಲಿ ದನ ಬಿಡುವ ದಿನಕ್ಕೆ ಮೊದಲು ಬೇಲಿ ನೋಡಬೇಕು. ಬೇಲಿ ರಿಪೇರಿ ಬಹಳಷ್ಟು ಕಡೆ ಪರ್ಮಿಟ್‌ದಾರರದ್ದೇ ಜವಾಬ್ದಾರಿ, ಆದರೂ ನಾವೂ ತಂತಿ ಬಿಗಿಯುತ್ತೇವೆ, ಕಂಬ ಹೊಡೆಯುತ್ತೇವೆ. ಕೆಳಗಿನ ತಂತಿಗೆ ಮುಳ್ಳು ಇರಬಾರದು, ನೆಲದಿಂದ 16 ಇಂಚಾದರೂ ಮೇಲಿರಬೇಕು. ಯಾಕಂದರೆ ಇಲ್ಲಿನ ಜಿಂಕೆಯಂಥ ಪ್ರಾಂಗ್‌ಹಾರ್ನ್‌ಗಳು ಬೇಲಿ ಹಾರುವುದು ಅಪರೂಪ, ಕೆಳಗೆ ನುಸುಳುತ್ತವೆ. ಸೇಜ್ ಗ್ರೌಸ್ ಹಕ್ಕಿಗಳು ಕುಣಿಯುವ ಬಯಲಿನ ಹತ್ತಿರ ಬೇಲಿ ಇದ್ದರೆ ತಂತಿಗೆ ಬಿಳಿ ಬಿಲ್ಲೆಗಳನ್ನು ಸಿಕ್ಕಿಸುತ್ತೇವೆ, ನಸುಕಿನಲ್ಲಿ ತಗ್ಗಾಗಿ ಹಾರುವಾಗ ಡಿಕ್ಕಿ ಹೊಡೆದು ಸಾಯುತ್ತವೆ ಅಂತ. ದನ ಕುಡಿಯುವ ತೊಟ್ಟಿಯೊಳಗೆ ಸಣ್ಣ ಏಣಿ ಇಡಬೇಕು, ಬಿದ್ದ ಹಕ್ಕಿ, ಅಳಿಲು ಹತ್ತಿ ಹೊರಬರಲು.

ದನ ಹೊರಟ ಮೇಲೆ ಎಷ್ಟು ಮೇಯ್ದಿವೆ ಅಂತ ನೋಡುವುದು. ಅಲ್ಲಲ್ಲಿ ತಂತಿಯ ಪಂಜರ ಇಟ್ಟಿರುತ್ತೇವೆ. ಒಳಗಿನ ಹುಲ್ಲನ್ನೂ ಹೊರಗಿನದನ್ನೂ ಹೋಲಿಸಿದರೆ ಗೊತ್ತಾಗುತ್ತದೆ. 21ರಿಂದ 40% ಹೋಗಿದ್ದರೆ ಹಗುರ, 41ರಿಂದ 60 ಮಧ್ಯಮ, ಅದರ ಮೇಲೆ ಭಾರಿ. ಹಳ್ಳದ ಅಂಚಿನಲ್ಲಿ ಉಳಿದ ಹುಲ್ಲಿನ ಎತ್ತರವನ್ನು ಬೇರೆಯಾಗಿಯೇ ಅಳೆಯುತ್ತೇವೆ. ಬೇಸಿಗೆಯಲ್ಲಿ ದನಕ್ಕೆ ನೆರಳು, ನೀರು, ಹಸಿರು ಮೂರೂ ಅಲ್ಲೇ ಸಿಗುವುದರಿಂದ ಮೊದಲು ಹಾಳಾಗುವುದು ಹಳ್ಳದ ದಂಡೆ.

ಬೋಯ್ಸಿ_ಕನ್ನಡಿಗ:

ಕೆಲಸ ಹುಡುಕುವಾಗ ಒಂದು ವಿಷಯ ಗಮನದಲ್ಲಿರಲಿ. ಸರ್ಕಾರಿ ಜಾಹೀರಾತಿನಲ್ಲಿ 0455 ಸಂಖ್ಯೆಯ "ರೇಂಜ್ ಟೆಕ್ನಿಷಿಯನ್" ಅಂತ ಇದ್ದರೆ ಅದು ಹುಲ್ಲು ಅಳೆಯುವ ಕೆಲಸವೇ ಆಗಿರಬೇಕಿಲ್ಲ. ಎಷ್ಟೋ ವರ್ಷ ಕಾಳ್ಗಿಚ್ಚು ಆರಿಸುವವರನ್ನೂ ಇದೇ ಹೆಸರಿನಲ್ಲಿ ತೆಗೆದುಕೊಂಡಿದ್ದಾರೆ. 2022ರಲ್ಲಿ ಅವರಿಗೆ 0456 ಅಂತ ಬೇರೆ ಸರಣಿ ಮಾಡಿದರು. ಆದರೂ ಕೆಲಸದ ವಿವರ ಪೂರ್ತಿ ಓದಿ. ಡಿಗ್ರಿ ಬೇಡುವ ಮೇಲಿನ ಹುದ್ದೆ 0454, ರೇಂಜ್‌ಲ್ಯಾಂಡ್ ಮ್ಯಾನೇಜ್‌ಮೆಂಟ್ ಸ್ಪೆಷಲಿಸ್ಟ್. ಅದಕ್ಕೆ ಒಟ್ಟು 42 ಕ್ರೆಡಿಟ್ ಬೇಕು, ಅದರಲ್ಲಿ 18 ನೇರವಾಗಿ ಹುಲ್ಲುಗಾವಲು ವಿಷಯದ್ದೇ ಆಗಿರಬೇಕು. ಎಂಎಸ್‌ನಲ್ಲಿ ಕೋರ್ಸ್ ಆರಿಸುವಾಗಲೇ ಈ ಪಟ್ಟಿ ಪಕ್ಕದಲ್ಲಿ ಇಟ್ಟುಕೊಳ್ಳಿ, ಆಮೇಲೆ ಒಂದು ಕೋರ್ಸಿಗೆ ಪರದಾಡುವುದು ಬೇಡ.

ಟೆಂಪರರಿ ಹುದ್ದೆಗೆ ವರ್ಷಕ್ಕೆ 1,039 ಗಂಟೆಯ ಮಿತಿ ಇದೆ, ಸುಮಾರು ಆರು ತಿಂಗಳು. ಜಿಎಸ್-5 ಅನ್ನುವ ಸಂಬಳದ ದರ್ಜೆಗೆ 2025ರಲ್ಲಿ ಗಂಟೆಗೆ ಸುಮಾರು 19 ಡಾಲರ್. ಚಳಿಗಾಲದಲ್ಲಿ ಏನು ಮಾಡುತ್ತೀರಿ ಅನ್ನೋದನ್ನು ಮೊದಲೇ ಯೋಚಿಸಬೇಕು. 2025ರ ಶುರುವಿನಲ್ಲಿ ನೇಮಕಾತಿ ನಿಲ್ಲಿಸಿದ್ದು, ಫೆಬ್ರವರಿಯಲ್ಲಿ ಪ್ರೊಬೇಷನ್‌ನಲ್ಲಿದ್ದ ಸಾವಿರಾರು ಜನರನ್ನು ತೆಗೆದದ್ದು ನೀವೂ ಕೇಳಿರುತ್ತೀರಿ. ಸರ್ಕಾರಿ ಕೆಲಸ ಅಂದರೆ ಭದ್ರ ಅನ್ನುವ ನಮ್ಮೂರಿನ ಲೆಕ್ಕ ಇಲ್ಲಿ ಹಿಡಿಯಬೇಡಿ.

ತಿಪಟೂರು_ಟು_ಎಲ್ಕೊ:

ಸರಿಯಾಗಿ ಹೇಳಿದಿರಿ. ವೀಸಾ ವಿಷಯ ನಾನು ಹೇಳುತ್ತೇನೆ. ಬಿಎಲ್‌ಎಂ, ಫಾರೆಸ್ಟ್ ಸರ್ವಿಸ್ ನೇರ ಹುದ್ದೆಗಳಿಗೆ ಅಮೆರಿಕದ ಪೌರತ್ವ ಬೇಕು. ನಾನು ಅರ್ಜಿ ಹಾಕಿದ್ದೂ ಸಿಟಿಜನ್ ಆದ ಮೇಲೆಯೇ. ಅಮೆರಿಕೋರ್ ಅನ್ನುವ ಸರ್ಕಾರಿ ಸೇವಾ ಕಾರ್ಯಕ್ರಮದ ಮೂಲಕ ಬರುವ ಇಂಟರ್ನ್ ಜಾಗಗಳಿಗೆ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಬೇಕು. ನಿಮಗೆ ತೆರೆದಿರುವ ಬಾಗಿಲು ಯೂನಿವರ್ಸಿಟಿ. ಪ್ಲಾಟ್ ಅಳೆಯುವ ಕೆಲಸದ ಒಂದು ಪಾಲನ್ನು ಬಿಎಲ್‌ಎಂ ಯೂನಿವರ್ಸಿಟಿಗಳಿಗೂ ಸಂಸ್ಥೆಗಳಿಗೂ ಒಪ್ಪಂದದ ಮೇಲೆ ಕೊಡುತ್ತದೆ. ಆ ತಂಡಗಳಿಗೆ ವಿದ್ಯಾರ್ಥಿಗಳನ್ನು ಪ್ರೊಫೆಸರ್‌ಗಳೇ ಆರಿಸುತ್ತಾರೆ. ಸಿಪಿಟಿ, ಒಪಿಟಿ (ಸ್ಟೂಡೆಂಟ್ ವೀಸಾದವರಿಗೆ ಸಿಗುವ ಕೆಲಸದ ಅನುಮತಿ) ಲೆಕ್ಕವನ್ನು ನಿಮ್ಮ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೂತು ಮಾತಾಡಿ. ಟೇಪು ಅದೇ, ಕಂಬಿ ಅದೇ, ಕಲಿಯುವುದೂ ಅದೇ.

ಹೆಣ್ಣುಮಕ್ಕಳ ಬಗ್ಗೆ ಕೇಳಿದಿರಿ. ನಮ್ಮ ತಂಡಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಣ್ಣುಮಕ್ಕಳೇ ಇದ್ದ ವರ್ಷಗಳಿವೆ. ಪ್ಲಾಟ್ ಕೆಲಸಕ್ಕೆ ಒಬ್ಬರನ್ನೇ ಕಳಿಸಬಾರದು. ಕಳಿಸುತ್ತೇವೆ ಅಂದರೆ ನೇರವಾಗಿ ಇಲ್ಲ ಅನ್ನಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ವಾಪಸ್, ಇದನ್ನು ಹೊರಡುವ ಮೊದಲು ಬರೆದಿಟ್ಟು, ಸಂಜೆ ರೇಡಿಯೊದಲ್ಲಿ ತಲುಪಿದೆವು ಅಂತ ಹೇಳಬೇಕು. ಹೇಳದಿದ್ದರೆ ಹುಡುಕಲು ಜನ ಹೊರಡುತ್ತಾರೆ. ಸೇರುವ ಮೊದಲು ಈ ಏರ್ಪಾಡು ಹೇಗಿದೆ ಅಂತ ಇಂಟರ್‌ವ್ಯೂನಲ್ಲೇ ಕೇಳಿ. ಉತ್ತರ ಸ್ಪಷ್ಟವಾಗಿಲ್ಲದಿದ್ದರೆ ಆ ತಂಡ ಬೇಡ. ಹಾವು ಇದೆ, ಬುಡುಬುಡಿಕೆ ಬಾಲದ್ದು, ಅದು ಸಾಮಾನ್ಯವಾಗಿ ಸದ್ದು ಮಾಡಿ ಎಚ್ಚರಿಸುತ್ತದೆ, ಯಾವಾಗಲೂ ಅಲ್ಲ. ನನಗೆ ಹಾವಿಗಿಂತ ಮಿಂಚಿನ ಮೇಲೆ ಜಾಸ್ತಿ ಎಚ್ಚರ. ಬಯಲಲ್ಲಿ ಎತ್ತರವಾದದ್ದು ನಾವೇ.

ತೆರಿಗೆ_ಕಟ್ಟುವವ:

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ಸ್ಯಾಕ್ರಮೆಂಟೊದಲ್ಲಿ ಇದ್ದೇನೆ. ಸಾರ್ವಜನಿಕ ನೆಲದಲ್ಲಿ ಖಾಸಗಿ ದನ ಯಾಕೆ ಮೇಯಬೇಕು ಅನ್ನೋದೇ ನನ್ನ ಪ್ರಶ್ನೆ. 2025ರಲ್ಲೂ ಒಂದು ಹಸು ಕರು ತಿಂಗಳಿಡೀ ಮೇಯಲು 1.35 ಡಾಲರ್ ಇತ್ತು. ಖಾಸಗಿ ಹುಲ್ಲುಗಾವಲಿಗೆ 20 ಡಾಲರಿಗೂ ಮೇಲೆ. ಇದು ನಮ್ಮ ದುಡ್ಡಿನಲ್ಲಿ ಕೆಲವರಿಗೆ ಕೊಡುವ ಸಬ್ಸಿಡಿ. ಟೆಕ್ನಿಷಿಯನ್‌ಗಳು ಎಷ್ಟೇ ಅಳೆದರೂ ಕೊನೆಗೆ ಪರ್ಮಿಟ್ ಮುಂದುವರಿಯುತ್ತದೆ. ಹಾಗಿದ್ದರೆ ಅಳತೆ ಯಾರಿಗಾಗಿ?

ತಿಪಟೂರು_ಟು_ಎಲ್ಕೊ:

ನಿಮ್ಮ ಪ್ರಶ್ನೆ ನ್ಯಾಯವಾದದ್ದು. ದರದ ಸೂತ್ರ 1978ರ ಕಾನೂನಿನದು, 1.35ಕ್ಕಿಂತ ಇಳಿಯಬಾರದು ಅಂತ ತಳ ಹಾಕಿದ್ದು 1986ರಲ್ಲಿ. 2019ರಿಂದ 2025ರವರೆಗೆ ಆ ತಳದಲ್ಲೇ ನಿಂತಿತ್ತು. ಹಸು ಕರುವಿಗೆ ಒಂದು ತಿಂಗಳು, ಅಥವಾ ಐದು ಕುರಿಗೆ ಒಂದು ತಿಂಗಳು, ಅಷ್ಟೇ ದರ. ಕಡಿಮೆ ಅನ್ನೋದನ್ನು ನಾನೂ ಒಪ್ಪುತ್ತೇನೆ. ಖಾಸಗಿ ನೆಲದಲ್ಲಿ ಬೇಲಿ, ನೀರು ಸಿದ್ಧವಾಗಿರುತ್ತದೆ, ಇಲ್ಲಿ ಪರ್ಮಿಟ್‌ದಾರ ತಾನೇ ಮಾಡಿಕೊಳ್ಳಬೇಕು ಅನ್ನುವ ಮಾತೂ ಇದೆ. ಅದರಿಂದ ಪೂರ್ತಿ ವ್ಯತ್ಯಾಸ ತುಂಬುವುದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಆದರೆ ಅಳತೆ ಯಾರಿಗಾಗಿ ಅಂದಿರಲ್ಲ, ಅದಕ್ಕೆ ಉತ್ತರ ಇದೆ. ಒಂದು ಅಲಾಟ್‌ಮೆಂಟಿನ ಬಗ್ಗೆ ಜಗಳ ಬಂದಾಗ ರ್‍ಯಾಂಚರ್ ಒಂದು ಹೇಳುತ್ತಾರೆ, ಪರಿಸರದವರು ಇನ್ನೊಂದು, ಮೇಲಿನ ಅಧಿಕಾರಿ ಮೂರನೆಯದು. ಆಗ ಎಲ್ಲರೂ ಒಪ್ಪಲೇಬೇಕಾದದ್ದು ಒಂದೇ: ಅದೇ ಜಾಗದಲ್ಲಿ, ಅದೇ ರೀತಿ, ವರ್ಷಗಳ ಅಂತರದಲ್ಲಿ ತೆಗೆದ ಅಂಕಿ ಮತ್ತು ಫೋಟೊ. ಮಳೆ ಕಡಿಮೆ ಬಿದ್ದ ವರ್ಷದ ಫೋಟೊ ಒಂದೇ ತೋರಿಸಿ ಯಾರೂ ಗೆಲ್ಲಲಾಗುವುದಿಲ್ಲ. ಅಂಕಿ ಇದ್ದ ಕಡೆ ದನ ಬಿಡುವ ದಿನ ಮುಂದಕ್ಕೆ ಹೋದದ್ದನ್ನು, ಒಂದು ಪಾಡಕ್‌ಗೆ ಇಡೀ ವರ್ಷ ವಿಶ್ರಾಂತಿ ಕೊಟ್ಟದ್ದನ್ನು ನಾನು ನೋಡಿದ್ದೇನೆ. ಅಂಕಿ ಇಲ್ಲದ ಕಡೆ ಎಲ್ಲವೂ ಹಾಗೇ ಮುಂದುವರಿಯುತ್ತದೆ. ಅಳೆಯುವವರನ್ನು ಕಡಿಮೆ ಮಾಡಿದಷ್ಟೂ ನೀವು ಹೇಳುವ ತೊಂದರೆ ಜಾಸ್ತಿಯೇ ಆಗುತ್ತದೆ.

ಇನ್ನೊಂದು ಮಾತು. ರ್‍ಯಾಂಚರ್‌ಗಳೆಲ್ಲ ಒಂದೇ ಥರ ಅಲ್ಲ. ಮೂರು ತಲೆಮಾರಿನಿಂದ ಅದೇ ಕಣಿವೆಯಲ್ಲಿರುವವರಿಗೆ ಯಾವ ಊಟೆ ಯಾವ ತಿಂಗಳು ಬತ್ತುತ್ತದೆ ಅಂತ ನಮಗಿಂತ ಚೆನ್ನಾಗಿ ಗೊತ್ತು. ಮೊದಲ ಭೇಟಿಯಲ್ಲಿ ಗೇಟ್ ಹೇಗಿತ್ತೋ ಹಾಗೇ ಬಿಟ್ಟು ಹೋಗಿದ್ದೀರಾ ಅಂತ ನೋಡುತ್ತಾರೆ. ಮುಚ್ಚಿದ್ದರೆ ಮುಚ್ಚಿಯೇ, ತೆರೆದಿದ್ದರೆ ತೆರೆದೇ. ಅಲ್ಲಿಂದ ಮಾತು ಶುರುವಾಗುತ್ತದೆ.

ಬೋಯ್ಸಿ_ಕನ್ನಡಿಗ:

ತೆರಿಗೆ ಕಟ್ಟುವ ಸರ್‌ಗೆ ಒಂದು ಮಾತು. ದನ ಪೂರ್ತಿ ತೆಗೆದುಬಿಟ್ಟರೆ ಎಲ್ಲ ಸರಿಹೋಗುವ ಹಂತವನ್ನು ಎಷ್ಟೋ ಕಡೆ ದಾಟಿಬಿಟ್ಟಿದ್ದೇವೆ. ಕಾರಣ ಚೀಟ್‌ಗ್ರಾಸ್. ಯುರೋಪ್, ಏಷ್ಯಾದಿಂದ 19ನೇ ಶತಮಾನದ ಕೊನೆಯ ಹೊತ್ತಿಗೆ ಬಂದ ಹುಲ್ಲು. ಇದು ಶರತ್ಕಾಲದಲ್ಲೇ ಮೊಳೆತು, ಚಳಿಯಲ್ಲೂ ಬೇರು ಇಳಿಸುತ್ತದೆ. ವಸಂತದಲ್ಲಿ ನಾಡಹುಲ್ಲು ಕಣ್ಣುಬಿಡುವ ಹೊತ್ತಿಗೆ ನೀರೆಲ್ಲ ಹೀರಿರುತ್ತದೆ. ಜೂನ್ ಹೊತ್ತಿಗೆ ಒಣಗಿ ಗಿಡಗಿಡದ ನಡುವೆ ಬೆಂಕಿಗೆ ದಾರಿ ಮಾಡಿಕೊಡುತ್ತದೆ. ಮೊದಲು ಅಲ್ಲಿ ಬರಿ ನೆಲ ಇತ್ತು, ಬೆಂಕಿ ಅಲ್ಲೇ ನಿಲ್ಲುತ್ತಿತ್ತು. ಸೇಜ್‌ಬ್ರಶ್ ಸುಟ್ಟರೆ ಬುಡದಿಂದ ಮತ್ತೆ ಚಿಗುರುವುದಿಲ್ಲ, ಬೀಜದಿಂದಲೇ ಬರಬೇಕು. ಅದು ಬೆಳೆಯುವುದರೊಳಗೆ ಮತ್ತೆ ಬೆಂಕಿ. 2015ರ ಸೋಡಾ ಬೆಂಕಿ ಐಡಾಹೊ, ಒರೆಗನ್ ಗಡಿಯಲ್ಲಿ ಸುಮಾರು 2.8 ಲಕ್ಷ ಎಕರೆ ಸುಟ್ಟಿತು. 2018ರಲ್ಲಿ ನೆವಾಡಾದ ಮಾರ್ಟಿನ್ ಬೆಂಕಿ ಸುಮಾರು 4.35 ಲಕ್ಷ ಎಕರೆ.

ಸುಟ್ಟ ಮೇಲೆ ಏನು ಬಿತ್ತಿದರು, ಏನು ಮೇಲೆದ್ದಿತು, ಯಾವ ಕಳೆನಾಶಕ ಹೊಡೆದ ಕಡೆ ಚೀಟ್‌ಗ್ರಾಸ್ ತಗ್ಗಿತು ಅನ್ನೋದನ್ನೂ ಇದೇ ಟೆಕ್ನಿಷಿಯನ್‌ಗಳು ಹೋಗಿ ನೋಡಬೇಕು. ಸ್ಯಾಟಲೈಟ್ ನಕ್ಷೆ ಇದೆ, 1986ರಿಂದ ಪ್ರತಿ ವರ್ಷದ ಹುಲ್ಲು ಪೊದೆ ಬರಿನೆಲದ ಅಂದಾಜು 30 ಮೀಟರ್ ಚೌಕದಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಆ ನಕ್ಷೆ ತಯಾರಾಗಿದ್ದೂ ಬಯಲಲ್ಲಿ ಅಳೆದ ಪ್ಲಾಟುಗಳ ಆಧಾರದ ಮೇಲೇ.

ತೆರಿಗೆ_ಕಟ್ಟುವವ:

ಬೆಂಕಿಯ ವಿಷಯ ಗೊತ್ತಿರಲಿಲ್ಲ. ದರ ಏರಬೇಕು ಅನ್ನುವ ಮಾತಿನಲ್ಲಿ ನಾನು ಬದಲಾಗುವುದಿಲ್ಲ. ಅಳೆಯುವವರು ಇರಬೇಕು ಅನ್ನೋದನ್ನು ಒಪ್ಪಿದೆ.

ಅಜ್ಜಂಪುರದ_ಕಡೆಯವ:

ಮಗಳೇ, ನಿನ್ನ ಕೊನೆಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಊರಿಗೆ ಬಂದರೆ ಉಪಯೋಗ ಇದೆಯಾ ಅಂತ. ನಾನು ಪಶುಸಂಗೋಪನೆ ಇಲಾಖೆಯಲ್ಲಿದ್ದು ನಿವೃತ್ತನಾದವನು.

ನಮಗೂ ಸರ್ಕಾರಿ ಹುಲ್ಲುಗಾವಲಿನ ಪದ್ಧತಿ ಇತ್ತು, ಟೇಲರ್ ಕಾನೂನಿಗಿಂತ ಬಹಳ ಹಳೆಯದು. ಅರಮನೆಯ ದನಗಳನ್ನು ನೋಡಿಕೊಳ್ಳುವ ಇಲಾಖೆಗೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ, ಟಿಪ್ಪು ಕಾಲದಲ್ಲಿ ಅಮೃತ ಮಹಲ್ ಅಂತ ಹೆಸರಾಯಿತು. ಚಿಕ್ಕಮಗಳೂರು, ಹಾಸನ, ಚಿತ್ರದುರ್ಗ, ತುಮಕೂರು ಕಡೆ ಕಾವಲುಗಳು, ಅಂದರೆ ಆ ದನಗಳಿಗಾಗಿ ಕಾಯ್ದಿಟ್ಟ ಹುಲ್ಲುಗಾವಲುಗಳು, ಹರಡಿದ್ದವು. ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಕಾವಲು. ಮಂದೆ ಒಂದರಿಂದ ಒಂದಕ್ಕೆ ಹೋಗುತ್ತಿತ್ತು, ಹಿಂದೆ ಬಿಟ್ಟ ಕಾವಲು ಚೇತರಿಸಿಕೊಳ್ಳುತ್ತಿತ್ತು. ಈಗ ಅಲ್ಲಿ ಪಾಡಕ್‌ಗೆ ವಿಶ್ರಾಂತಿ ಅಂತ ಹೇಳುತ್ತಿದ್ದೀರಲ್ಲ, ಅದೇ ಕೆಲಸ.

ಉಳಿದಿರುವುದು ಹಿಂದಿನದರ ಒಂದು ಸಣ್ಣ ಪಾಲು. ಕೆಲವು ಕಡೆ ಒತ್ತುವರಿ, ಕೆಲವು ಕಡೆ ನೀಲಗಿರಿ, ಅಕೇಶಿಯಾ ನೆಟ್ಟರು, ಕೆಲವು ಕಡೆ ಬಳ್ಳಾರಿ ಜಾಲಿ ತಾನೇ ನುಗ್ಗಿತು. ಚಳ್ಳಕೆರೆ ಹತ್ತಿರ ಸುಮಾರು 10,000 ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಮರ ಇಲ್ಲದ ನೆಲ ಖಾಲಿ ನೆಲ ಅಂತ ತಿಳಿದುಕೊಂಡದ್ದೇ ಇಷ್ಟಕ್ಕೂ ಮೂಲ. ಕೃಷ್ಣಮೃಗ, ತೋಳ ಬದುಕುವುದು ಇಂಥ ಬಯಲಲ್ಲೇ. ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಕ್ಕಾಗಿ ಸಂರಕ್ಷಿತ ಮೀಸಲು ಅಂತ ಘೋಷಿಸಿದರು, ಅದು ಒಳ್ಳೆಯ ಕೆಲಸ.

ಗೋಮಾಳದ ನಿಯಮವೂ ಇದೆ, 100 ಜಾನುವಾರಿಗೆ 30 ಎಕರೆ. ಎಕರೆ ಲೆಕ್ಕ ಕಡತದಲ್ಲಿ ಸಿಗುತ್ತದೆ. ಆ ಎಕರೆಯಲ್ಲಿ ಈಗ ಹುಲ್ಲು ಇದೆಯಾ, ಪಾರ್ಥೇನಿಯಂ ಇದೆಯಾ, ಜಾಲಿ ಇದೆಯಾ ಅನ್ನುವ ಲೆಕ್ಕ ಊರೂರಲ್ಲಿ ಇಡುವವರಿಲ್ಲ. ಅಲ್ಲಿ ಒಬ್ಬ ಟೆಕ್ನಿಷಿಯನ್ ಮಾಡುವ ಕೆಲಸಕ್ಕೆ ಇಲ್ಲಿ ಹುದ್ದೆಯೇ ಇಲ್ಲ. ಇದು ನನ್ನ ಸರ್ವಿಸ್ ಪೂರ್ತಿ ನನ್ನನ್ನು ಕೊರೆದ ವಿಷಯ. ಧಾರವಾಡದಲ್ಲಿ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ, ಅವರನ್ನು ಭೇಟಿಯಾಗು. 2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಅಂತ ಸಾರಿದೆ. ಈ ಹೊತ್ತಿನಲ್ಲಾದರೂ ನಿನ್ನಂಥ ಹುಡುಗಿ ಕೇಳಿದರೆ ಬಾಗಿಲು ತೆರೆಯಬಹುದು.

ಹಿರಿಯೂರಿನವಳು:

ಸರ್, ನಿಮ್ಮ ಮಾತು ಓದಿ ತುಂಬ ಹೊತ್ತು ಸುಮ್ನೆ ಕೂತಿದ್ದೆ. ನಮ್ಮ ಕುರಿಗಳು ಮೇಯುತ್ತಿದ್ದ ಜಾಗಗಳೂ ಹೀಗೆಯೇ ಒಂದೊಂದಾಗಿ ಕಡಿಮೆಯಾದವು. ಈಗ ಸುಗ್ಗಿ ಮುಗಿದ ಹೊಲಗಳಲ್ಲಿ ಮಂದೆ ನಿಲ್ಲಿಸಿಕೊಂಡು, ಗೊಬ್ಬರಕ್ಕೆ ಬದಲು ಕಾಳೋ ದುಡ್ಡೋ ಪಡೆದು, ಜಿಲ್ಲೆಯಿಂದ ಜಿಲ್ಲೆಗೆ ಹೋಗುತ್ತಾರೆ. ದಾರಿಯಲ್ಲಿ ಎಲ್ಲಿ ಯಾವ ಹುಲ್ಲು, ಯಾವುದು ತಿಂದರೆ ಕುರಿ ಹೊಟ್ಟೆ ಉಬ್ಬುತ್ತದೆ ಅಂತ ನಮ್ಮ ದೊಡ್ಡಪ್ಪ ಬಾಯಲ್ಲೇ ಹೇಳುತ್ತಾರೆ. ಅದನ್ನು ಯಾರೂ ಬರೆದಿಟ್ಟಿಲ್ಲ. ಅಣ್ಣಾ, ನೆವಾಡಾದಲ್ಲಿ ಕುರಿಯವರು ಇದ್ದಾರಾ? ಅವರ ಮಾತನ್ನು ಇಲಾಖೆ ಕೇಳುತ್ತದಾ?

ತಿಪಟೂರು_ಟು_ಎಲ್ಕೊ:

ಇದ್ದಾರೆ. ಹಿಂದೆ ಸ್ಪೇನ್, ಫ್ರಾನ್ಸ್ ಗಡಿಯ ಬಾಸ್ಕ್ ಜನ ಕುರಿ ಕಾಯಲು ಬರುತ್ತಿದ್ದರು. ಬೆಟ್ಟದ ಆಸ್ಪೆನ್ ಮರದ ತೊಗಟೆ ಮೇಲೆ ಅವರು ಕೆತ್ತಿದ ಹೆಸರು, ಇಸವಿ ಇವತ್ತಿಗೂ ಕಾಣುತ್ತವೆ. ಈಗ ಕಾಯುವವರಲ್ಲಿ ಹೆಚ್ಚಿನವರು ಪೆರು ದೇಶದವರು, ಎಚ್-2ಎ ಅನ್ನುವ ತಾತ್ಕಾಲಿಕ ಕೃಷಿ ಕೆಲಸದ ವೀಸಾದಲ್ಲಿ ಬರುತ್ತಾರೆ. ಚಳಿಗಾಲಕ್ಕೆ ಕಣಿವೆ, ಬೇಸಿಗೆಗೆ ಬೆಟ್ಟ, ಮಂದೆಯ ಜೊತೆಯೇ ವಾಸ. ದೊಡ್ಡ ಬಿಳಿ ನಾಯಿಗಳು ಕಾವಲಿಗೆ. ಮಂದೆ ಕಂಡರೆ ದೂರದಲ್ಲೇ ನಿಲ್ಲಿ, ನಾಯಿ ಹತ್ತಿರ ಹೋಗಬೇಡಿ.

ಅವರ ಮಾತು ಇಲಾಖೆ ಕೇಳುತ್ತದಾ ಅಂದರೆ, ಸಾಕಷ್ಟು ಕೇಳುವುದಿಲ್ಲ. ಪರ್ಮಿಟ್ ಇರುವುದು ಮಾಲೀಕರ ಹೆಸರಲ್ಲಿ, ಮಾತುಕತೆ ಅವರ ಜೊತೆ. ಮಂದೆಯ ಹಿಂದೆ ನಡೆಯುವವರಿಗೆ ಸ್ಪ್ಯಾನಿಷ್ ಅಥವಾ ಪೆರುವಿನ ನಾಡಭಾಷೆ ಕೆಚುವಾ ಬರುತ್ತದೆ, ಆಫೀಸಿನವರಿಗೆ ಅದು ಬರುವುದಿಲ್ಲ. ಕುರಿ ಮನೆಯಿಂದ ಬಂದ ನಿಮಗೆ ಅವರ ಜೊತೆ ಮಾತಾಡಬೇಕು ಅಂತ ಅನಿಸುತ್ತದೆ. ಸ್ವಲ್ಪ ಸ್ಪ್ಯಾನಿಷ್ ಕಲಿಯಿರಿ, ಕೆಲಸಕ್ಕೂ ಆಗುತ್ತದೆ.

ದೊಡ್ಡಪ್ಪ ಹೇಳುವುದನ್ನು ಈ ರಜೆಯಲ್ಲೇ ಬರೆದುಕೊಳ್ಳಿ. ಜೊತೆಗೆ ಊರ ಗೋಮಾಳದಲ್ಲಿ ನಾಲ್ಕೈದು ಜಾಗ ಆರಿಸಿ ಅಳತೆ ಶುರು ಮಾಡಿ. ಇದಕ್ಕೆ ದುಬಾರಿ ಸಾಮಾನು ಬೇಡ. ಮಣ್ಣಿನ ವಿವರ ಬರೆದಿಡಲು ಲ್ಯಾಂಡ್‌ಪಿಕೆಎಸ್ ಅಂತ ಉಚಿತ ಆ್ಯಪ್ ಇದೆ. ಹೆಂಟೆ ಕರಗುವ ಪರೀಕ್ಷೆಯನ್ನು ಬಾಟಲಿ ಮುಚ್ಚಳದಲ್ಲೂ ಮಾಡಬಹುದು.

ಅಜ್ಜಂಪುರದ_ಕಡೆಯವ:

ಫೋಟೊ ಕೆಲಸ ನಾನೂ ಮಾಡಬಲ್ಲೆ. ನಮ್ಮ ಕಡೆ ಒಂದು ಕಾವಲಿನ ಪಕ್ಕದಲ್ಲೇ ನನ್ನ ಜಮೀನು. ಒಳಗೆ ಹೋಗಲು ಇಲಾಖೆಯ ಅನುಮತಿ ಪತ್ರ ನಾನೇ ತರುತ್ತೇನೆ. ಯಾವ ತಿಂಗಳು, ಹೇಗೆ ತೆಗೆಯಬೇಕು ಅಂತ ಹೇಳಿಬಿಡಿ. ಕಂಬ ನೆಡಬೇಕಾ?

ತಿಪಟೂರು_ಟು_ಎಲ್ಕೊ:

ಸರ್, ತುಂಬ ಸಂತೋಷ. ಕಂಬ ನೆಟ್ಟರೆ ದನ ಮೈ ಉಜ್ಜಿ ಬೀಳಿಸುತ್ತವೆ, ಸುತ್ತ ಹುಲ್ಲೂ ತುಳಿದು ಹಾಳಾಗುತ್ತದೆ. ಒಂದಡಿ ಕಬ್ಬಿಣದ ಸರಳನ್ನು ನೆಲದ ಮಟ್ಟಕ್ಕೆ ಹೊಡೆದು, ಪಕ್ಕದಲ್ಲಿ ಸುಣ್ಣ ಬಳಿದ ಒಂದು ಕಲ್ಲಿಡಿ, ಫೋನಿನ ಜಿಪಿಎಸ್ ಬರೆದುಕೊಳ್ಳಿ. ಅಲ್ಲಿಂದ ಒಂದೇ ದಿಕ್ಕಿಗೆ ನಿಂತು ತೆಗೆಯಿರಿ, ದೂರದಲ್ಲಿ ಬೆಟ್ಟದ ಸಾಲೋ ದೇವಸ್ಥಾನವೋ ಯಾವುದಾದರೂ ಅಲುಗದ ಗುರುತು ಫೋಟೊದಲ್ಲಿ ಬರಬೇಕು, ಮುಂದಿನ ವರ್ಷ ಅದನ್ನೇ ನೋಡಿ ಚೌಕಟ್ಟು ಹೊಂದಿಸಬಹುದು. ಆಮೇಲೆ ಕಾಲ ಬುಡದಲ್ಲಿ ಒಂದು ಮೀಟರ್ ಚೌಕ ಹಗ್ಗದಲ್ಲಿ ಹಾಕಿ ನೇರ ಮೇಲಿಂದ ಇನ್ನೊಂದು. ಎರಡರಲ್ಲೂ ಸ್ಲೇಟಿನ ಮೇಲೆ ಜಾಗದ ಸಂಖ್ಯೆ, ತಾರೀಖು. ಆ ವಾರದವರೆಗೆ ಎಷ್ಟು ಮಳೆ ಬಂತು ಅಂತಲೂ ಒಂದು ಸಾಲು ಬರೆದಿಡಿ, ಅದಿಲ್ಲದೆ ಫೋಟೊ ಓದಲು ಆಗುವುದಿಲ್ಲ.

ತಿಂಗಳು ಅಂದರೆ ಅಕ್ಟೋಬರ್ ಕೊನೆ. ಮುಂಗಾರು ಮುಗಿದು ಹುಲ್ಲು ತೆನೆ ಬಿಟ್ಟಿರುತ್ತದೆ, ಗುರುತಿಸುವುದು ಸುಲಭ. ಬೇಸಿಗೆಯಲ್ಲಿ, ಏಪ್ರಿಲ್‌ನಲ್ಲಿ ಇನ್ನೊಂದು ಸಲ ತೆಗೆದರೆ ಎಷ್ಟು ಉಳಿಯಿತು ಅಂತ ಗೊತ್ತಾಗುತ್ತದೆ.

ಹಿರಿಯೂರಿನವಳು:

ಏಪ್ರಿಲ್‌ನಲ್ಲಿ ನನಗೆ ಸೆಮಿಸ್ಟರ್ ಇರುತ್ತದೆ, ಹಿರಿಯೂರಿನ ಕಡೆಯದನ್ನು ತಮ್ಮನ ಕೈಲಿ ಮಾಡಿಸುತ್ತೇನೆ. ಬೇಸಿಗೆ ತಂಡದ ಬಗ್ಗೆ ಪ್ರೊಫೆಸರ್‌ಗೆ ಇವತ್ತೇ ಮೇಲ್ ಹಾಕಿದೆ. ಅಜ್ಜಂಪುರದ ಸರ್, ಗುರುತು ಸಿಗದ ಹುಲ್ಲು ಇದ್ದರೆ ಬುಡದ ಹತ್ತಿರದಿಂದ ಒಂದು, ತೆನೆಯದು ಒಂದು ಫೋಟೊ ತೆಗೆದು ಇಲ್ಲೇ ಹಾಕಿ, ಊರಲ್ಲಿ ಏನಂತ ಕರೆಯುತ್ತಾರೆ ಅನ್ನೋದನ್ನೂ ಬರೆಯಿರಿ. ನಾನು ಪಟ್ಟಿ ಮಾಡುತ್ತಾ ಹೋಗುತ್ತೇನೆ.